ಹೇಮಾವತಿಯಲ್ಲಿ ಶಾರ್ಕ್ ಇಲ್ಲ

ಆನೆಯನ್ನು ಬಿಟ್ಟು ಬೇರೇನಾದರೂ ಬರೆಯಿರಿ ಎಂದು ಗದರಿದ ಸ್ನೇಹಿತರೇ, ಇಂದು ಮೀನಿನ ವಿಷಯ.

ನಿನ್ನೆ ಸಂಜೆ ಸಕಲೇಶಪುರದ ಹೋಟೆಲೊಂದರಲ್ಲಿ, ಪರಿಚಯದ ಹಿರಿಯರೊಬ್ಬರು ಮೊಬೈಲಿನಲ್ಲಿ ಗ್ರೇಟ್ ವೈಟ್, ಅಂದರೆ ದೊಡ್ಡ ಬಿಳಿ ಶಾರ್ಕಿನ ವಿಡಿಯೊ ನೋಡುತ್ತಾ, "ಈ ರಾಕ್ಷಸ ಮೀನನ್ನು ಒಂದೂ ಬಿಡದೆ ಕೊಲ್ಲಬೇಕು" ಎಂದು ಅಪ್ಪಣೆ ಕೊಡಿಸಿದರು. ತೋಟಕ್ಕೆ ನುಗ್ಗುವ ಆನೆಯನ್ನಾದರೂ ಕೊಲ್ಲದೆ ಸಾಗಿಸಿದರೆ ಸಾಕು ಎನ್ನುವ ಮನುಷ್ಯನಿಗೆ, ಜನ್ಮದಲ್ಲಿ ಕಾಣದ ಮೀನಿನ ಮೇಲೆ ಇದೆಂಥ ಹಗೆ?

ನನ್ನ ತಕರಾರು ಒಂದೇ: ಈ ವ್ಯಾಜ್ಯದ ಕಡತದಲ್ಲಿ ನಮ್ಮ ಕಡೆಯ ಸಾವು ಮಾತ್ರ ದಾಖಲಾಗಿದೆ. 1916ರ ಜುಲೈ ತಿಂಗಳ ಮೊದಲ 12 ದಿನಗಳಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶಾರ್ಕ್ ದಾಳಿಗೆ ನಾಲ್ವರು ಸತ್ತದ್ದನ್ನು ಜಗತ್ತು ಇಂದಿಗೂ ಮರೆತಿಲ್ಲ. ಕಚ್ಚಿದ್ದು ಬಿಳಿ ಶಾರ್ಕೋ ಬೇರೆ ಜಾತಿಯದೋ ಎಂಬುದು ಇನ್ನೂ ಇತ್ಯರ್ಥವಾಗದಿದ್ದರೂ ಅಪವಾದ ಬಿಳಿಯದರ ತಲೆಗೇ ಬಂತು. 1937ರಿಂದ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಕಡಲತೀರದಲ್ಲಿ ಹಾಕುತ್ತಿರುವ ಬಲೆಗಳನ್ನು ಯಾರು ನೆನೆಯುತ್ತಾರೆ? ಅವು ಬೇಲಿಯೆಂದು ಭಾವಿಸಬೇಡಿ. ಸುಮಾರು 150 ಮೀಟರ್ ಉದ್ದದ ಆ ಬಲೆಯ ಮೇಲಿನಿಂದಲೂ ಪಕ್ಕದಿಂದಲೂ ಶಾರ್ಕ್ ಈಜಿ ಹೋಗಬಹುದು. ಅದನ್ನು ಹಾಕುವುದು ತಡೆಯುವುದಕ್ಕಲ್ಲ, ಸಿಕ್ಕಿಸಿ ಕೊಲ್ಲುವುದಕ್ಕೆ. ನಮ್ಮಲ್ಲಿ ಹಂದಿಗೆ ಒಡ್ಡಿದ ಉರುಳಿಗೆ ಚಿರತೆ ಬೀಳುವಂತೆ, ಅಲ್ಲಿ ಆಮೆ, ಡಾಲ್ಫಿನ್‌ಗಳೂ ಉಸಿರುಗಟ್ಟಿ ಸಾಯುತ್ತವೆ. 1959ರಲ್ಲಿ ಆಲ್ಫ್ ಡೀನ್ ಎಂಬವರು ಗಾಳ ಹಾಕಿ 1,208 ಕಿಲೋ ತೂಕದ ಬಿಳಿ ಶಾರ್ಕನ್ನು ಹಿಡಿದದ್ದಂತೂ ವಿಶ್ವದಾಖಲೆಯೆನಿಸಿತು. ನಾವು ಕೊಂದರೆ ದಾಖಲೆ, ಅದು ಕಚ್ಚಿದರೆ ರಾಕ್ಷಸತನ! ಹೆಣ್ಣು ಶಾರ್ಕ್ ಮರಿ ಹಾಕುವ ಪ್ರಾಯಕ್ಕೆ ಬರಲು ಸುಮಾರು 30 ವರ್ಷ ಬೇಕೆಂಬ ಅಂದಾಜಿದೆ. ಅಂಥ ಒಂದನ್ನು ಕೊಂದರೆ ಆ ಸ್ಥಾನ ಬೇಗ ತುಂಬುವುದಿಲ್ಲ.

"ಕಚ್ಚಿಸಿಕೊಂಡವರಿಗೆ ಗೊತ್ತು ನೋವು" ಎನ್ನುವವರಿದ್ದಾರೆ. ಸರಿ, ಕಚ್ಚಿಸಿಕೊಂಡವರನ್ನೇ ಕೇಳೋಣ. 1963ರಲ್ಲಿ ಬಿಳಿ ಶಾರ್ಕಿನ ಬಾಯಿಗೆ ಸಿಕ್ಕಿ ಸಾವಿನ ಬಾಗಿಲು ಮುಟ್ಟಿ ಬಂದ ಆಸ್ಟ್ರೇಲಿಯದ ರಾಡ್ನಿ ಫಾಕ್ಸ್, ಮುಂದೆ ಜನರನ್ನು ಪಂಜರದೊಳಗೆ ನೀರಿಗಿಳಿಸಿ ಅದೇ ಮೀನನ್ನು ತೋರಿಸುತ್ತಾ ಅದರ ಪರವಾಗಿಯೇ ಮಾತಾಡಿದರು. ದಕ್ಷಿಣ ಆಫ್ರಿಕಾ 1991ರಲ್ಲೇ ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. ಮರಣದಂಡನೆ ವಿಧಿಸಲು ಉಳಿದವರು ಕಾಫಿ ಕುಡಿಯುವ ನಾವು ಮಾತ್ರ.

ನಾವು ಎಂದೆ, ಏಕೆಂದರೆ ನಾನೂ ಸಾಚಾ ಅಲ್ಲ. 1975ರ 'ಜಾಸ್' ಎಂಬ ಆ ಪ್ರಸಿದ್ಧ ಶಾರ್ಕ್ ಚಿತ್ರವನ್ನು ಬಾಲ್ಯದಲ್ಲಿ ನೋಡಿದ ಮೇಲೆ, ಎರಡು ಬೇಸಿಗೆ ಹೇಮಾವತಿಯಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯಲಿಲ್ಲ. ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿಯವರೇ ಮುಂದೆ ಶಾರ್ಕುಗಳ ರಕ್ಷಣೆಗಾಗಿ ದುಡಿದರೆಂಬುದು ತಿಳಿಯುವಷ್ಟರಲ್ಲಿ ನನಗೆ ಈಜು ಕಲಿಯುವ ವಯಸ್ಸೇ ಮೀರಿತ್ತು.

ಇದನ್ನೆಲ್ಲ ಹಿರಿಯರಿಗೆ ಹೇಳಬೇಕೆಂದು ತಲೆಯೆತ್ತಿದಾಗ, ಅವರು ನನ್ನ ಕಾಫಿಯ ಹಣವನ್ನೂ ಕೊಟ್ಟು ಎದ್ದು ಹೋಗಿದ್ದರು.