ಕ್ಯಾಮೆರಾ ಪುರಸಭೆಯದ್ದು, ಟಿವಿ ಪೊಲೀಸ್ ಸ್ಟೇಷನ್ನಿನದ್ದು

ಪುರಸಭೆಯ ಸಾಮಾನ್ಯ ಸಭೆಯಲ್ಲಿ ಕೂಗಾಟವಿಲ್ಲದೆ ಪಾಸಾಗುವ ವಿಷಯಗಳು ಎರಡೇ: ಒಂದು ಸಂತಾಪ ಸೂಚನೆ, ಇನ್ನೊಂದು ಸಿಸಿ ಕ್ಯಾಮೆರಾ. ನೀರಿನ ಪೈಪ್‌ಲೈನ್ ಎಂದರೆ ಯಾವ ವಾರ್ಡಿಗೆ ಮೊದಲು ಎಂದು ಜಗಳ. ಸಂತೆ ಸುಂಕದ ಹರಾಜು ಎಂದರೆ ಸವಾಲು ಕೂಗಿದವನು ಯಾರ ಕಡೆಯವನು ಎಂದು ಜಗಳ. ಹಂದಿ ಹಿಡಿಸುವ ವಿಷಯ ಬಂದರಂತೂ ಮೈಕಿಗೇ ಉಳಿಗಾಲವಿಲ್ಲ. ಕ್ಯಾಮೆರಾ ಹಾಗಲ್ಲ. ಆಡಳಿತ ಪಕ್ಷ, ವಿರೋಧ ಪಕ್ಷ, ಪಕ್ಷೇತರ ಎಲ್ಲರೂ ಮೇಜು ಕುಟ್ಟುತ್ತಾರೆ. ಎದುರಾಳಿಯ ಮನೆ ಬಾಗಿಲಿಗೆ ಯಾರ್ಯಾರು ಬಂದುಹೋಗುತ್ತಾರೆ ಎಂದು ತಿಳಿಯುವ ಆಸೆಗೆ ಪಕ್ಷಭೇದವಿಲ್ಲ.

ಊರಿಗೆ 23 ವಾರ್ಡು, ಮಂಜೂರಾದದ್ದು 16 ಕ್ಯಾಮೆರಾ. ಉಳಿದ ಏಳು ಸದಸ್ಯರು ಮುನಿಸಿಕೊಳ್ಳಬೇಕಿತ್ತು. ಆದರೆ ಮುಖ್ಯಾಧಿಕಾರಿಗಳ ಬತ್ತಳಿಕೆಯಲ್ಲಿ ‘ಎರಡನೇ ಹಂತ’ ಎಂಬ ಬಾಣವಿರುತ್ತದೆ. ಅದನ್ನು ಬಿಟ್ಟರೆ ಸಭೆ ತಣ್ಣಗಾಗುತ್ತದೆ, ಬೋಂಡಾ ಒಳಗೆ ಬರುತ್ತದೆ, ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬೀಳುತ್ತದೆ. ಕ್ಯಾಮೆರಾಗಳ ಅಸಲಿ ಆಯಸ್ಸು ನಿರ್ಧಾರವಾಗುವುದು ಈ ಸಭೆಯಲ್ಲಲ್ಲ, ಅದಕ್ಕೂ ಮುಂಚೆ ಜೆಇ, ಅಂದರೆ ಕಿರಿಯ ಎಂಜಿನಿಯರ್ ಮೇಜಿನ ಮೇಲೆ ತಯಾರಾದ ಅಂದಾಜು ಪಟ್ಟಿಯಲ್ಲಿ.

ಆ ಪಟ್ಟಿಯಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ನೋಡಬೇಕು. ಕ್ಯಾಮೆರಾ ಇದೆ, ಕಂಬ ಇದೆ, ರೆಕಾರ್ಡ್ ಮಾಡುವ ಡಬ್ಬ ಇದೆ, ಪೊಲೀಸ್ ಸ್ಟೇಷನ್ನಿನ ಗೋಡೆಗೆ ದೊಡ್ಡ ಟಿವಿಯೂ ಇದೆ. ಯುಪಿಎಸ್ ಇಲ್ಲ. ವಾರ್ಷಿಕ ನಿರ್ವಹಣೆ ಇಲ್ಲ. ಹಾರ್ಡ್ ಡಿಸ್ಕ್ ‘1 ಸಂಖ್ಯೆ’ ಎಂದಷ್ಟೇ ಇದೆ, ಎಷ್ಟು ಹಿಡಿಸಬೇಕು ಎಂದಿಲ್ಲ. ಕರೆಂಟಿಗೆ ಪ್ರತ್ಯೇಕ ಮೀಟರು, ಆರ್‌ಆರ್ ನಂಬರ್ ಯಾವುದೂ ಇಲ್ಲ. ಹಾಗಾದರೆ ಕರೆಂಟು ಎಲ್ಲಿಂದ? ಪಕ್ಕದಲ್ಲೇ ಬೀದಿದೀಪದ ಲೈನ್ ಇದೆಯಲ್ಲ, ಅದರಿಂದ ಒಂದು ಎಳೆ.

ಬೀದಿದೀಪದ ಲೈನಿಗೆ ಟೈಮರ್ ಇರುತ್ತದೆ. ಸಂಜೆ ಆರಕ್ಕೆ ಆನ್, ಬೆಳಿಗ್ಗೆ ಆರಕ್ಕೆ ಆಫ್. ಅದರ ಜೊತೆಗೆ ಕ್ಯಾಮೆರಾವೂ ಏಳುತ್ತದೆ, ಮಲಗುತ್ತದೆ. ಸಂತೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಸರ ಕಿತ್ತವನಿಗೆ ಇದು ಗೊತ್ತಿರುತ್ತದೋ ಇಲ್ಲವೋ, ಗೊತ್ತಿಲ್ಲದಿದ್ದರೂ ಅವನಿಗೇನೂ ನಷ್ಟವಿಲ್ಲ. ರಾತ್ರಿಯ ದೃಶ್ಯಗಳಾದರೂ ಚೆನ್ನಾಗಿರುತ್ತವೆಯೇ ಎಂದರೆ, ಪಕ್ಕದ ಬೀದಿದೀಪಕ್ಕೆ ಹುಳ ಬರುತ್ತದೆ, ಹುಳ ಹಿಡಿಯಲು ಜೇಡ ಬರುತ್ತದೆ, ಕ್ಯಾಮೆರಾಕ್ಕೇ ಬಲೆ ಕಟ್ಟುತ್ತದೆ. ಕತ್ತಲಲ್ಲಿ ನೋಡಲೆಂದು ಕ್ಯಾಮೆರಾದ ಸುತ್ತ ಇರುವ ಇನ್‌ಫ್ರಾರೆಡ್ ದೀಪದ ಬೆಳಕು ಬಲೆಗೆ ಬಡಿದು ಲೆನ್ಸಿಗೇ ವಾಪಸ್ ಬರುವುದರಿಂದ ಪರದೆಯೆಲ್ಲ ಬೆಳ್ಳಗೆ. ಮದ್ದು ಬಹಳ ಸರಳ: ಉದ್ದದ ಕೋಲಿಗೆ ಮೆತ್ತನೆಯ ಬ್ರಷ್ ಕಟ್ಟಿ ಹದಿನೈದು ದಿನಕ್ಕೊಮ್ಮೆ ಒರೆಸುವುದು. ಕೋಲು ಹಿಡಿಯಬೇಕಾದದ್ದು ಪುರಸಭೆಯವರೋ ಪೇದೆಯೋ ಎಂಬುದೇ ಇತ್ಯರ್ಥವಾಗಿಲ್ಲ.

ಇನ್ನು ಹಾರ್ಡ್ ಡಿಸ್ಕ್. ಎರಡು ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಹಗಲೂ ರಾತ್ರಿ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ. 16 ಕ್ಯಾಮೆರಾ ಎಂದರೆ ದಿನಕ್ಕೆ 345 ಜಿಬಿ. ಒಂದು ತಿಂಗಳು ಉಳಿಯಬೇಕಾದರೆ 10 ಟಿಬಿಗೂ ಮೇಲೆ ಜಾಗ ಬೇಕು. ಸಾಮಾನ್ಯವಾಗಿ ಹಾಕಿರುವುದು 2 ಟಿಬಿ. ಅಂದರೆ ಆರನೇ ದಿನ ತುಂಬುವ ಮೊದಲೇ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಕಳವಾದ ಮೇಲೆ ಕಳೆದುಕೊಂಡವರು ಎರಡು ದಿನ ತಾವೇ ಹುಡುಕಿ, ಮೂರನೇ ದಿನ ಕಣಿ ಕೇಳಿ, ನಾಲ್ಕನೇ ದಿನ ಗೊತ್ತಿರುವ ಸದಸ್ಯರನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗಿ, ‘ಸಾಹೇಬ್ರು ಬಂದೋಬಸ್ತಿಗೆ ಹೋಗಿದಾರೆ, ನಾಳೆ ಬನ್ನಿ’ ಎನ್ನಿಸಿಕೊಂಡು ವಾಪಸ್ ಬಂದು, ಮತ್ತೆ ಎರಡು ದಿನ ಬಿಟ್ಟು ಹೋಗುವಷ್ಟರಲ್ಲಿ ಡಿಸ್ಕು ತನ್ನ ಕರ್ತವ್ಯ ಮುಗಿಸಿರುತ್ತದೆ. ಖಾಸಗಿಯವರಿಗೆ ಮಾತ್ರ ಕಾನೂನು ಕಟ್ಟುನಿಟ್ಟು: ಜನ ಸೇರುವ ಮಳಿಗೆ, ಆಸ್ಪತ್ರೆ, ಕಲ್ಯಾಣ ಮಂಟಪದಂಥವರು 30 ದಿನದ ದೃಶ್ಯ ಇಟ್ಟುಕೊಳ್ಳಬೇಕು ಎನ್ನುತ್ತದೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ.

ಗಡಿಯಾರದ ಕಥೆ ಇನ್ನೂ ಚೆಂದ. ಡಬ್ಬದೊಳಗೆ ಸಿಆರ್ 2032 ಎಂಬ ನಾಣ್ಯದಂಥ ಸೆಲ್ ಇರುತ್ತದೆ. ಅದು ಸತ್ತ ಮೇಲೆ ಕರೆಂಟು ಹೋಗಿಬಂದಾಗಲೆಲ್ಲ ಎಷ್ಟೋ ಡಬ್ಬಗಳು 2000ದ ಜನವರಿ 1ಕ್ಕೆ ಹಿಂತಿರುಗುತ್ತವೆ. ಕೂರಿಸಿದವನು ಟೈಮ್ ಜೋನ್ ಮುಟ್ಟದೆ ಬಿಟ್ಟಿದ್ದರೆ ಚೀನಾದ ಸಮಯವೇ ಓಡುತ್ತಿರುತ್ತದೆ, ನಮಗಿಂತ ಎರಡೂವರೆ ಗಂಟೆ ಮುಂದೆ. ಸಂಜೆ ಏಳಕ್ಕೆ ಕಳವಾದ ಬೈಕು ಪರದೆಯಲ್ಲಿ ರಾತ್ರಿ ಒಂಬತ್ತೂವರೆಗೆ ಹೋಗುತ್ತದೆ. ಆರೋಪಿಯ ಪರ ವಕೀಲರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ದೃಶ್ಯ ವಶಕ್ಕೆ ಪಡೆಯುವಾಗಲೇ ಡಬ್ಬದ ಸಮಯ, ಸರಿಯಾದ ಸಮಯ ಎರಡನ್ನೂ ಮಹಜರಿನಲ್ಲಿ ಬರೆದು, ಪರದೆಯ ಫೋಟೊ ತೆಗೆದಿಟ್ಟರೆ ಮುಗಿಯಿತು. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ ಬರೆಯಬೇಕು. ಪೆನ್‌ಡ್ರೈವಿಗೆ ಕಾಪಿ ಹೊಡೆದು ಕವರಿಗೆ ಹಾಕಿ ಅಂಟಿಸಿದ ಮಾತ್ರಕ್ಕೆ ಸಾಕ್ಷ್ಯ ಆಗುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ನಂಬರ್ ಪ್ಲೇಟ್ ಕಾಣುವುದಿಲ್ಲ. ಸರ್ಕಲ್ ಪೂರ್ತಿ ಕಾಣಲಿ ಎಂದು 2.8 ಎಂಎಂ ಲೆನ್ಸ್ ಹಾಕಿಸುತ್ತಾರೆ. ಇಪ್ಪತ್ತು ಮೀಟರ್ ದೂರಕ್ಕೆ ಅದು ಐವತ್ತು ಮೀಟರ್ ಅಗಲ ತೋರಿಸುತ್ತದೆ. 1920 ಪಿಕ್ಸೆಲನ್ನು ಐವತ್ತು ಮೀಟರಿಗೆ ಹಂಚಿದರೆ ಮೀಟರಿಗೆ ಮೂವತ್ತೆಂಟು. ಬೈಕಿನ ಹಿಂಬದಿ ಪ್ಲೇಟಿನ ಅಗಲ 200 ಮಿಲಿಮೀಟರ್. ಅದರ ಪಾಲಿಗೆ ಬರುವುದು ಏಳೆಂಟು ಪಿಕ್ಸೆಲ್. ಅಷ್ಟರಲ್ಲಿ ‘ಕೆಎ’ ಎಂದೂ ಬರೆಯಲಾಗದು. ಸ್ಟೇಷನ್ನಿನಲ್ಲಿ ನಾಲ್ಕು ಜನ ಟಿವಿ ಮುಂದೆ ಬಗ್ಗಿ, ‘ಜೂಮ್ ಮಾಡ್ರೀ, ಇನ್ನೂ ಜೂಮ್ ಮಾಡ್ರೀ’ ಎನ್ನುತ್ತಾರೆ. ಜೂಮ್ ಮಾಡಿದಷ್ಟೂ ಪ್ಲೇಟು ಮಜ್ಜಿಗೆಯಾಗುತ್ತದೆ. ಊರಿಂದ ಹೊರಹೋಗುವ ಮೂರು ನಾಲ್ಕು ರಸ್ತೆಗಳಿಗೆ ಒಂದೊಂದರಂತೆ, ದೂರದ್ದನ್ನು ಹತ್ತಿರ ತೋರಿಸುವ 12 ಎಂಎಂ ಲೆನ್ಸಿನ ಕ್ಯಾಮೆರಾ, ರಸ್ತೆ ಉಬ್ಬು ಇರುವ ಕಡೆ, ಗಾಡಿ ನಿಧಾನವಾಗುವ ಜಾಗಕ್ಕೆ ಗುರಿಯಿಟ್ಟು ಹಾಕಿದರೆ ಸರ್ಕಲ್‌ನ ಹದಿನಾರಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಆದರೆ ಊರ ಹೊರಗಿನ ರಸ್ತೆಯಲ್ಲಿ ರಿಬ್ಬನ್ ಕತ್ತರಿಸಲು ಶಾಸಕರು ಬರುವುದಿಲ್ಲ, ಬಂದರೂ ನೋಡಲು ಜನ ಇರುವುದಿಲ್ಲ.

ಉದ್ಘಾಟನೆಯ ವಿಷಯ ಬಂತು. ಅಭಿನಂದನೆಯ ಫ್ಲೆಕ್ಸ್ ಕಟ್ಟುವುದು ಅದೇ ಕಂಬಕ್ಕೆ, ಲೆನ್ಸ್ ಮುಚ್ಚುವ ಹಾಗೆ. ತೆರೆದ ಸ್ಥಳಗಳ ವಿರೂಪ ತಡೆಯುವ ಕಾಯ್ದೆ 1981ರಿಂದಲೂ ಇದೆ. ಫ್ಲೆಕ್ಸ್ ತೆಗೆಸಿ ಎಂದರೆ ಪುರಸಭೆ ಪೊಲೀಸ್ ಬಂದೋಬಸ್ತ್ ಕೇಳುತ್ತದೆ, ಪೊಲೀಸರು ಪುರಸಭೆಯಿಂದ ಲಿಖಿತ ಪತ್ರ ಕೇಳುತ್ತಾರೆ. ಪತ್ರ ತಲುಪುವ ಮೊದಲು ಮಳೆಗಾಲದ ಗಾಳಿಯೇ ಕ್ರಮ ಜರುಗಿಸಿರುತ್ತದೆ.

ಕೆಟ್ಟ ಕ್ಯಾಮೆರಾ ರಿಪೇರಿಯಾಗದೆ ಉಳಿಯುವುದೂ ಇದೇ ಕಾರಣಕ್ಕೆ. ಆಸ್ತಿ ಪುರಸಭೆಯದ್ದು, ಉಪಯೋಗ ಠಾಣೆಯದ್ದು, ನಡುವಿನ ವೈರು ಕೇಬಲ್ ಟಿವಿಯವನದ್ದು. ಠಾಣೆಯಿಂದ ‘ದುರಸ್ತಿಗೆ ಕ್ರಮ ವಹಿಸಲು ಕೋರಿದೆ’ ಎಂದು ಪತ್ರ ಹೋಗುತ್ತದೆ. ಪುರಸಭೆಯಿಂದ ‘ಅನುದಾನ ಲಭ್ಯತೆ ಪರಿಶೀಲಿಸಿ ಸಭೆಯ ಮುಂದೆ ಮಂಡಿಸಲಾಗುವುದು’ ಎಂದು ಉತ್ತರ. ಸಭೆ ನಡೆಯಬೇಕಲ್ಲ? 2018ರ ಆಗಸ್ಟ್ 31ರಂದು ಮತ ಹಾಕಿದ ನೂರಕ್ಕೂ ಹೆಚ್ಚು ಊರುಗಳ ಜನರಿಗೆ ಇದು ನೆನಪಿರುತ್ತದೆ: ಸದಸ್ಯರು ಗೆದ್ದರು, ಅಧ್ಯಕ್ಷರ ಮೀಸಲಾತಿ ಕೋರ್ಟ್ ಮೆಟ್ಟಿಲೇರಿತು, ಗದ್ದುಗೆಗೆ ಅಧ್ಯಕ್ಷರು ಬರುವ ಹೊತ್ತಿಗೆ 2020ರ ಕೊನೆ. ಅಲ್ಲಿಯವರೆಗೆ ಗೆದ್ದ ಸದಸ್ಯರು ಸರ್ಟಿಫಿಕೇಟ್ ಹಿಡಿದು ಮದುವೆ ಮನೆಗಳಲ್ಲಿ ಸನ್ಮಾನ ಮಾಡಿಸಿಕೊಂಡರು, ಆಡಳಿತಾಧಿಕಾರಿ ಸಹಿ ಹಾಕಿದರು. ಮೊದಲ ಅಧ್ಯಕ್ಷರ 30 ತಿಂಗಳು ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಅಧ್ಯಕ್ಷರ ಚುನಾವಣೆ ಹತ್ತಿರವಾದಾಗ ಸದಸ್ಯರನ್ನು ರೆಸಾರ್ಟಿಗೆ ಕರೆದೊಯ್ಯುತ್ತಾರೆ, ಅಲ್ಲಿನ ಕ್ಯಾಮೆರಾಗಳು ಮಾತ್ರ ಹಗಲೂ ರಾತ್ರಿ ಕೆಲಸ ಮಾಡುತ್ತವೆ.

ಪೊಲೀಸರನ್ನೇ ಬೈದು ಪ್ರಯೋಜನವಿಲ್ಲ. ಪಿಎಸ್‌ಐ ಬರುತ್ತಾರೆ, ಹೋಗುತ್ತಾರೆ, ಸ್ಟೇಷನ್ ನಡೆಯುವುದು ಕಡತ ಬರೆಯುವ ರೈಟರ್ ತಲೆಯಲ್ಲಿ. ಸಣ್ಣ ಊರಿನ ಕಳವು ಪತ್ತೆಯಾಗುವುದು ಹೆಚ್ಚಾಗಿ ಬೇಕರಿ, ಪೆಟ್ರೋಲ್ ಬಂಕ್, ಚಿನ್ನದ ಅಂಗಡಿಯ ಕ್ಯಾಮೆರಾದಿಂದ, ಇಲ್ಲವೇ ಬೀಟ್ ಪೇದೆಗೆ ಚಹಾ ಅಂಗಡಿಯಲ್ಲಿ ಸಿಕ್ಕ ಸುಳಿವಿನಿಂದ. ಆದ್ದರಿಂದ ಬೈಕು ಕಳೆದುಕೊಂಡವರು ಮೊದಲು ಮಾಡಬೇಕಾದದ್ದು ಆ ಅಂಗಡಿಗಳವರಿಗೆ ‘ಇಂಥ ದಿನ, ಇಷ್ಟು ಗಂಟೆಯದು ಅಳಿಸಬೇಡಿ’ ಎಂದು ಅಂದೇ ಹೇಳಿಬರುವುದು. ಅದೇ ದಿನ ಠಾಣೆಗೆ ಲಿಖಿತ ದೂರು. ಬೈಕು ಕಳವು ಕಾಗ್ನಿಜಬಲ್ ಅಪರಾಧ, ಅಂದರೆ ಕೋರ್ಟಿನ ಅನುಮತಿಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದದ್ದು; ‘ಹುಡುಕಿ ನೋಡಿ, ಒಂದು ವಾರ ಬಿಟ್ಟು ಬನ್ನಿ’ ಎನ್ನಲು ಅವಕಾಶವಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ರ ಪ್ರಕಾರ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ದೂರನ್ನು ಇಮೇಲಿನಂಥ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದರೂ ಆಗುತ್ತದೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಎಸ್‌ಪಿ ಎಂಬ ಎರಡಕ್ಷರ ಮೆಲ್ಲಗೆ ಹೇಳಿದರೂ ರೈಟರಿಗೆ ಚೆನ್ನಾಗಿ ಕೇಳಿಸುತ್ತದೆ.

ಪುರಸಭೆಯ ಕಡೆಗೆ ಆಯುಧ ಬೇರೆ. ಮಾಹಿತಿ ಹಕ್ಕು ಅರ್ಜಿ, ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಪೀಠಿಕೆ, ಸಂವಿಧಾನ, ಅಂಬೇಡ್ಕರ್ ಎಲ್ಲ ಬಿಟ್ಟು ನೇರವಾಗಿ ಕೇಳಿ: ಕ್ಯಾಮೆರಾ ಎಷ್ಟು, ಇಂದು ಚಾಲೂ ಇರುವುದು ಎಷ್ಟು, ಡಿಸ್ಕಿನ ಸಾಮರ್ಥ್ಯ ಎಷ್ಟು, ನಿರ್ವಹಣೆ ಕರಾರಿನ ಪ್ರತಿ, ಕಳೆದ ಮೂರು ವರ್ಷದ ಬಿಲ್ಲುಗಳು. ದೃಶ್ಯ ಕೇಳಬೇಡಿ, ತನಿಖೆ, ಖಾಸಗಿತನ ಎಂದು ತಿರಸ್ಕರಿಸಲು ದಾರಿ ಸಿಗುತ್ತದೆ. ಬಿಲ್ಲು ಕೇಳಿದರೆ ಆ ದಾರಿ ಇಲ್ಲ. ಟಪಾಲು ವಿಭಾಗದಲ್ಲಿ ಇನ್‌ವರ್ಡ್ ನಂಬರ್, ಸೀಲು, ದಿನಾಂಕ ಹಾಕಿದ ಸ್ವೀಕೃತಿ ಕೈಗೆ ಬರುವ ತನಕ ಕೌಂಟರ್ ಬಿಟ್ಟು ಕದಲಬೇಡಿ. ‘ಸೀಲ್ ಪ್ಯಾಡ್ ಒಣಗಿದೆ’ ಎಂದರೆ ಕಾಯುತ್ತೇನೆ ಎನ್ನಿ.

‘ಇದು ಪೊಲೀಸ್ ಇಲಾಖೆಗೆ ಸಂಬಂಧಿಸಿದ್ದು, ಅಲ್ಲಿ ಕೇಳಿ’ ಎಂದು ಹಿಂಬರಹ ಬರುವ ಸಾಧ್ಯತೆ ಹೆಚ್ಚು. ಆ ಮಾತು ನಡೆಯುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 6(3)ರಂತೆ ಸಂಬಂಧಪಟ್ಟ ಕಚೇರಿಗೆ ಅರ್ಜಿಯನ್ನು ಐದು ದಿನದೊಳಗೆ ಅವರೇ ವರ್ಗಾಯಿಸಿ ನಿಮಗೆ ತಿಳಿಸಬೇಕು. ಹಾಗೆ ಅರ್ಜಿ ಹಿಡಿದ ಪುರಸಭೆಯ ಜವಾನರು ಸರ್ಕಲ್ ದಾಟಿ ಸ್ಟೇಷನ್ನಿಗೆ ಹೋಗುವುದು ಹಗಲು ಹೊತ್ತಿನಲ್ಲಾದ್ದರಿಂದ, ಆ ದೃಶ್ಯವೂ ಬೇಕರಿಯವರ ಹತ್ತಿರ ಮಾತ್ರ ಇರುತ್ತದೆ.