ಚಪ್ಪಲಿ ಹಾಜರಿ

ತುಮಕೂರಿನ ಬಿ.ಎಚ್. ರಸ್ತೆಗೆ ತಾಗಿದ ಅಡ್ಡರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮಹಡಿ ಮೇಲೆ 11 ವರ್ಷ ಡ್ಯಾನ್ಸ್ ಕ್ಲಾಸ್ ನಡೆಸಿದೆ. ಹಾಜರಿ ಪುಸ್ತಕ ಇಟ್ಟವನಲ್ಲ, ಚಪ್ಪಲಿ ಎಣಿಸುತ್ತಿದ್ದೆ. ಬಾಗಿಲಲ್ಲಿ ಶುರುವಾದ ಚಪ್ಪಲಿ ಆರನೇ ಮೆಟ್ಟಿಲಿಗೆ ಇಳಿದರೆ ಆ ತಿಂಗಳ ಬಾಡಿಗೆ ಹುಟ್ಟಿತು ಅಂತ ಲೆಕ್ಕ. ಬೀದಿಗೇ ಬಂದುಬಿಟ್ಟರೆ ಗಣೇಶನ ಹಬ್ಬ ಹತ್ತಿರವಾಯಿತು ಅಂತ.

ಕೆಳಗಿನವರಿಗೆ ನಮ್ಮ ಹಾಡು ಅಷ್ಟಾಗಿ ಕೇಳಿಸುತ್ತಿರಲಿಲ್ಲ, ಹೆಜ್ಜೆ ಮಾತ್ರ ಕೇಳಿಸುತ್ತಿತ್ತು. ನಾವು ನೆಗೆದಾಗಲೆಲ್ಲ ಅವರ ಸ್ಟೀಲ್ ತಟ್ಟೆಗಳು ಜಣಜಣ. ಮೊದಮೊದಲು ಜಗಳ, ಆಮೇಲೆ ರೂಢಿ. ಒಂದು ಸಂಜೆ ಅಂಗಡಿಯವರೇ ಮೇಲೆ ಬಂದು, "ಎರಡನೇ ಬ್ಯಾಚು ತಾಳ ತಪ್ಪಿಸ್ತಾ ಐತೆ, ನೋಡ್ಕಳಿ ಮಾಸ್ಟ್ರೇ" ಅಂದರು. ನಿಜವಾಗಿಯೂ ತಪ್ಪಿತ್ತು.

"ಫೈವ್, ಸಿಕ್ಸ್, ಸೆವೆನ್, ಏಯ್ಟ್" ಅಂತ ಕೂಗದೆ ನಮ್ಮ ಕಸುಬಿನಲ್ಲಿ ಅನ್ನ ಹುಟ್ಟುವುದಿಲ್ಲ. ಮೊಮ್ಮಗಳನ್ನು ಕರೆದೊಯ್ಯಲು ಬರುತ್ತಿದ್ದ ತಾತ ಒಬ್ಬರು, ಊರಲ್ಲಿ ಸೋಮನ ಕುಣಿತ ಕುಣಿದವರು, ಒಮ್ಮೆ ಕೇಳಿದರು: "ಒಂದು, ಎರಡು, ಮೂರು, ನಾಲ್ಕು ಯಾರು ತಿಂದ್ರಪ್ಪ?" ಸಿನಿಮಾ ಹಾಡು ಹೆಚ್ಚಿನವು ನಾಲ್ಕರ ಗತಿ, ಎರಡು ಸುತ್ತು ಸೇರಿ ಎಂಟು, ಮೊದಲ ನಾಲ್ಕನ್ನು ಮನಸ್ಸಲ್ಲೇ ಎಣಿಸಿ ಉಳಿದದ್ದನ್ನು ಕೂಗಿದರೆ ಎಲ್ಲರ ಕಾಲೂ ಒಟ್ಟಿಗೆ ಒಂದರ ಮೇಲೆ ಬೀಳುತ್ತದೆ ಅಂತ ಬಿಡಿಸಿ ಹೇಳಿದೆ. "ಹಂಗಾ" ಅಂದವರೇ ಟವಲ್ಲು ಸೊಂಟಕ್ಕೆ ಬಿಗಿದು, ಮರದ ಮುಖ ಹೊತ್ತ ಸೋಮ ಅರೆವಾದ್ಯದ ಬಡಿತಕ್ಕೆ ಹೇಗೆ ತೂಗುತ್ತಾ ತಿರುಗುತ್ತಾನೆಂದು ತೋರಿಸಿದರು. ಬಾಯಲ್ಲಿ ಎಣಿಕೆ ಇಲ್ಲ, ಕಾಲಲ್ಲಿ ತಪ್ಪಿಲ್ಲ. ಆ ಸಂಜೆ ಮಕ್ಕಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಗಣೇಶನ ಪೆಂಡಾಲಿನಲ್ಲಿ ನಮ್ಮ ಶತ್ರು ಗಡಿಯಾರ. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್. ಸನ್ಮಾನ, ಭಾಷಣ, ಮತ್ತೆ ಸನ್ಮಾನ ಮುಗಿದು ನಮ್ಮ ಸರದಿ ಬರುವಾಗ ಹತ್ತಕ್ಕೆ ಐದು ನಿಮಿಷ. ಒಂದು ವರ್ಷ ಚರಣದ ನಡುವೆಯೇ ಸೌಂಡು ನಿಂತುಹೋಯಿತು. ಹುಡುಗರು ನಿಲ್ಲಲಿಲ್ಲ. ಹಲಗೆ ಮೇಲೆ ಕಾಲಿನ ಸದ್ದಷ್ಟೇ, ಕೂಗಿ ಎಣಿಸುವ ಧೈರ್ಯ ನನಗೂ ಬರಲಿಲ್ಲ. ಮುಗಿಸಿದರು, ಎಲ್ಲರೂ ಒಂದರ ಮೇಲೇ.

ಆಮೇಲೆ ಮೊಬೈಲು ಬಂತು, ಮಕ್ಕಳು ಮನೆಯಲ್ಲೇ ಸ್ಟೆಪ್ ಕಲಿತರು, ಚಪ್ಪಲಿ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಬಾಗಿಲಿಗೇ ಬಂದು ನಿಂತಿತು. ಬಿಟ್ಟುಕೊಟ್ಟೆ.

ಮೊನ್ನೆ ಪಾತ್ರೆ ಅಂಗಡಿಯವರು ಸಿಕ್ಕಿದ್ದರು. ಮೇಲೆ ಈಗ ಟ್ಯೂಷನ್ನಂತೆ. "ಒಂದು ತಟ್ಟೆನೂ ಅಲ್ಲಾಡಲ್ಲ ಮಾಸ್ಟ್ರೇ, ಧೂಳು ನಾವೇ ಒರೆಸ್ಬೇಕು" ಅಂದರು.