‘ನಮ್ಮ ರಕ್ತಕ್ಕೆ ಆ ರೋಗ ಬರಲ್ಲ’ ಅನ್ನೋದನ್ನು ಇನ್ನಾದರೂ ನಿಲ್ಲಿಸಿ

ನಿನ್ನೆ ಖಾನಾಪುರದ ಕಡೆ ಒಂದು ಆರೋಗ್ಯ ಶಿಬಿರಕ್ಕೆ ಹೋಗಿದ್ದೆ. ರಕ್ತ ತೆಗೆಯೋ ಟೇಬಲ್ ಎಂದಿನಂತೆ ನನ್ನದೇ. ಶುಗರ್‌ಗೆ ಅಂತ ಒಯ್ದಿದ್ದ ಬೂದು ಮುಚ್ಚಳದ ಟ್ಯೂಬುಗಳು ಊಟದ ಹೊತ್ತಿಗೇ ಮುಗಿದವು. ಗಂಡಸರ ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಸುಳಿವು ಕೊಡುವ ಪಿಎಸ್‌ಎ ರಕ್ತ ಪರೀಕ್ಷೆಗೆ ಅಂತ ಇಟ್ಟುಕೊಂಡಿದ್ದ ಹಳದಿ ಮುಚ್ಚಳದವು ಹೆಚ್ಚುಕಮ್ಮಿ ಹಾಗೇ ವಾಪಸ್ ಬಂದವು. ಪರೀಕ್ಷೆ ಪುಕ್ಕಟೆ, ಐವತ್ತು ದಾಟಿದ ಗಂಡಸರು ಪಾಳಿ ಹಚ್ಚಿ ನಿಂತಿದ್ದರು. ಆದರೂ ಬೇಡವಂತೆ.

ಯಾಕೆ ಬೇಡ ಅಂತ ಕೇಳಿದರೆ ಒಬ್ಬ ಹಿರಿಯರು ಮೊಬೈಲ್ ತೆಗೆದು ವಾಟ್ಸಾಪ್‌ನಲ್ಲಿ ಬಂದದ್ದನ್ನು ತೋರಿಸಿದರು. ಈ ಕ್ಯಾನ್ಸರ್ ಆಫ್ರಿಕಾದವರಿಗೆ ಜಾಸ್ತಿ, ಬಿಳಿಯರಿಗೆ ಅದಕ್ಕಿಂತ ಕಮ್ಮಿ, ಏಷ್ಯಾದವರಿಗೆ ಎಲ್ಲಕ್ಕಿಂತ ಕಮ್ಮಿ ಅಂತ ಬರೆದಿತ್ತು. “ಇದು ಹೊರಗಿನ ಮಂದಿ ರೋಗ ಐತಿ ನೋಡವಾ, ನಮ್ಮ ರಕ್ತಕ್ಕ ಬರೂದಿಲ್ಲ” ಅಂದರು. ಹಿಂದೆ ನಿಂತವರೆಲ್ಲ ಹೌದು ಹೌದು ಅಂದರು. ಅಷ್ಟೇ ಆಗಿದ್ದರೆ ನಾನು ಸಮಾಧಾನವಾಗಿ ತಿಳಿಸಿ ಹೇಳುತ್ತಿದ್ದೆ. ಆದರೆ ಪಕ್ಕದ ಟೇಬಲ್‌ನ ಡಾಕ್ಟರೂ “ಹೌದ್ರೀ, ನಮ್ಮಲ್ಲಿ ಕಡಿಮೀನ” ಅಂದುಬಿಟ್ಟರು. ಆಮೇಲೆ ಆ ಪಾಳಿಯಲ್ಲಿ ಒಬ್ಬರೂ ಅದಕ್ಕೆ ತೋಳು ಚಾಚಲಿಲ್ಲ.

ಆ ಪಾಳಿಯಲ್ಲೇ ಒಬ್ಬ ಸಿದ್ದಿ ಅಜ್ಜ ನಿಂತಿದ್ದರು. ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ ಅಂತ ನಮಗೆಲ್ಲ ಗೊತ್ತು. ಅವರ ಪೂರ್ವಜರು ಆಫ್ರಿಕಾದ ಬಂಟು ಭಾಷೆಯ ಜನ ಅಂತ 2011ರಲ್ಲಿ ಜೀನ್ ಪರೀಕ್ಷೆಯಿಂದಲೇ ತೋರಿಸಿದ್ದಾರೆ, ಸುಮಾರು 200 ವರ್ಷದ ಹಿಂದೆ ಇಲ್ಲಿನವರೊಂದಿಗೆ ಬೆರೆತದ್ದು ಕೂಡ ಅದರಲ್ಲಿ ಕಾಣುತ್ತದೆ. ಆ ಮೆಸೇಜನ್ನೇ ನಂಬುವುದಾದರೆ ಮೊದಲು ಕರೆದು ಕೂರಿಸಬೇಕಾಗಿದ್ದು ಆ ಅಜ್ಜನನ್ನು. ಸಿದ್ದಿಗಳಿಗೆ ಈ ಕ್ಯಾನ್ಸರ್ ಜಾಸ್ತಿ ಅಂತ ನಾನು ಹೇಳುತ್ತಿಲ್ಲ. ನೋಡದೇ ಹೇಳೋದು ಹೇಗೆ? ಆದರೆ ‘ನಾವು’ ಅಂದಾಗ ಅದರಲ್ಲಿ ಅವರಿದ್ದಾರೋ ಇಲ್ಲವೋ? ಬೆಳಗಾವಿ ಜಿಲ್ಲೆಯ ಒಂದು ಪಾಳಿಯಲ್ಲೇ ಇಷ್ಟು ಬೇರೆ ಬೇರೆ ಬೇರಿನ ಜನ ನಿಂತಿರುವಾಗ ‘ನಮ್ಮ ರಕ್ತ’ ಅನ್ನೋದು ಯಾರ ರಕ್ತ?

ಈಗ ಆ ‘ಏಷ್ಯಾದವರಿಗೆ ಕಮ್ಮಿ’ ಅನ್ನೋ ಮಾತಿಗೆ ಬರುತ್ತೇನೆ. ಅದು ಸುಳ್ಳಲ್ಲ. ಇಂಗ್ಲೆಂಡಿನ 2008ರಿಂದ 2010ರವರೆಗಿನ ಲೆಕ್ಕ ಹಿಡಿದು ಮಾಡಿದ ಅಧ್ಯಯನವೊಂದು 2015ರಲ್ಲಿ ಬಂತು. ಜೀವಮಾನದಲ್ಲಿ ಈ ಕ್ಯಾನ್ಸರ್ ಪತ್ತೆಯಾಗೋದು ಆಫ್ರಿಕಾ ಮೂಲದವರಲ್ಲಿ 4 ಜನರಲ್ಲಿ ಒಬ್ಬರಿಗೆ, ಬಿಳಿಯರಲ್ಲಿ 8 ಜನರಲ್ಲಿ ಒಬ್ಬರಿಗೆ, ಏಷ್ಯಾ ಮೂಲದವರಲ್ಲಿ 13 ಜನರಲ್ಲಿ ಒಬ್ಬರಿಗೆ. ಹದಿಮೂರರಲ್ಲಿ ಒಬ್ಬರು ಅಂದರೆ ಸೊನ್ನೆಯಾ? ನಿನ್ನೆ ಒಂದೇ ಪಾಳಿಯಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದರು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡೋದಿಲ್ಲ. ಒಮ್ಮೆ ಪತ್ತೆಯಾದ ಮೇಲೆ ಅದರಿಂದಲೇ ಸಾಯುವವರು ಮೂರೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ, ಮೂವರಲ್ಲಿ ಒಬ್ಬರು. ಬರೋದು ಕಮ್ಮಿ ಇರಬಹುದು, ಬಂದ ಮೇಲೆ ಅದು ಯಾರ ಕುಲವನ್ನೂ ಕೇಳೋದಿಲ್ಲ.

ಜೀನ್‌ಗಳ ವಿಷಯದಲ್ಲಂತೂ ನಮ್ಮ ಧೈರ್ಯಕ್ಕೆ ಬುಡವೇ ಇಲ್ಲ. ಈ ಕ್ಯಾನ್ಸರ್‌ನ ಜೀನ್‌ಗಳನ್ನು ಹುಡುಕಿದ ದೊಡ್ಡ ಅಧ್ಯಯನವೊಂದು 2023ರಲ್ಲಿ ಬಂತು. ಅದರಲ್ಲಿ 1,56,319 ರೋಗಿಗಳಿದ್ದರು. ಅವರಲ್ಲಿ 1,22,188 ಜನ ಯುರೋಪ್ ಮೂಲದವರು, 19,391 ಜನ ಆಫ್ರಿಕಾ ಮೂಲದವರು, ಉಳಿದವರು ಪೂರ್ವ ಏಷ್ಯಾದವರು ಮತ್ತು ಹಿಸ್ಪಾನಿಕ್, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನ. ಅಪಾಯ ಹೆಚ್ಚಿಸುವ 451 ಗುರುತುಗಳು ಸಿಕ್ಕವು. ಆ ನಾಲ್ಕು ಗುಂಪಿನಲ್ಲಿ ನಮ್ಮದು ಎಲ್ಲಿದೆ? ಇಲ್ಲ. ಅಲ್ಲಿ ಏಷ್ಯಾ ಅಂದರೆ ಚೀನಾ, ಜಪಾನ್ ಕಡೆಯವರು. ಇದೇ ಗುಂಪುಗಳ 2021ರ ಅಧ್ಯಯನದಲ್ಲಿ ಆಫ್ರಿಕಾ ಮೂಲದವರ ಸರಾಸರಿ ಜೀನ್ ಅಪಾಯ ಯುರೋಪಿನವರ ಎರಡು ಪಟ್ಟಿಗಿಂತ ಜಾಸ್ತಿ, ಪೂರ್ವ ಏಷ್ಯಾದವರದ್ದು ಮುಕ್ಕಾಲು ಪಾಲು ಅಂತ ಬಂತು. ಆ ಮುಕ್ಕಾಲನ್ನು ತಂದು ಕಿತ್ತೂರು, ಗೋಕಾಕದ ಗಂಡಸಿಗೆ ಹಚ್ಚಿದರೆ ಅದು ಪಕ್ಕದ ಮನೆಯವರ ಚಷ್ಮಾ ಹಾಕಿಕೊಂಡು ಪೇಪರ್ ಓದಿದ ಹಾಗೆ.

ಊರು ಬದಲಾದರೆ ಜೀನ್‌ನ ದೋಷವೂ ಬದಲಾಗುತ್ತದೆ. ಎಚ್‌ಒಎಕ್ಸ್‌ಬಿ13 ಅಂತ ಒಂದು ಜೀನ್ ಇದೆ. ಅದರಲ್ಲಿನ ಒಂದು ದೋಷ ಈ ಕ್ಯಾನ್ಸರ್ ತರುತ್ತದೆ ಅಂತ 2012ರಲ್ಲಿ ಗೊತ್ತಾಯಿತು. ಆ ದೋಷ ಹೆಚ್ಚಾಗಿ ಸ್ವೀಡನ್, ಫಿನ್ಲೆಂಡ್ ಕಡೆಯ ಮೂಲದವರಲ್ಲಿದೆ. ಚೀನಾದವರಲ್ಲಿ ಅದೇ ಜೀನ್‌ನಲ್ಲಿ ಬೇರೆ ದೋಷ, ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಇನ್ನೊಂದು. ಬಂದ ಗಡ್ಡೆಯೂ ಒಂದೇ ಥರ ಇರೋದಿಲ್ಲ. 2005ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಅರುಳ್ ಚಿನ್ನಯ್ಯನ್ ಅವರ ತಂಡ ಎರಡು ಜೀನ್‌ಗಳು ಕೂಡಿಕೊಂಡು ಕ್ಯಾನ್ಸರ್ ಬೆಳೆಸೋದನ್ನು ಕಂಡುಹಿಡಿಯಿತು. ಬಿಳಿಯರ ಗಡ್ಡೆಗಳಲ್ಲಿ ಅರ್ಧದಷ್ಟರಲ್ಲಿ ಅದು ಸಿಗುತ್ತದೆ, ಆಫ್ರಿಕಾ ಮೂಲದವರಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿ. ನಮ್ಮದೇ ದೋಷ ಯುರೋಪಿನ ಪಟ್ಟಿಯಲ್ಲಿ ಕಾಣದೇ ಇರಬಹುದು ಅನ್ನೋದಕ್ಕೆ ಹೃದಯದ ಉದಾಹರಣೆಯೇ ಇದೆ. ಹೃದಯದ ಸ್ನಾಯು ಕೆಡಿಸುವ ಒಂದು ಜೀನ್ ದೋಷ ಭಾರತದವರಲ್ಲಿ ಸುಮಾರು ನೂರಕ್ಕೆ 4 ಜನರಲ್ಲಿದೆ ಅಂತ 2009ರಲ್ಲಿ ಗೊತ್ತಾಯಿತು.

ಇಲ್ಲಿ ಕೆಲಸ ಶುರುವಾಗಿದೆ, ಅದು ನನಗೆ ಖುಷಿಯ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 83 ಸಮುದಾಯಗಳ ಸುಮಾರು 10,000 ಜನರ ಜೀನೋಮ್, ಅಂದರೆ ಜೀನ್‌ಗಳ ಪೂರ್ತಿ ಪಟ್ಟಿ, ಓದಿದ್ದಾರೆ, 2025ರ ಜನವರಿಯಲ್ಲಿ ಮಾಹಿತಿ ಸಂಶೋಧಕರಿಗೆ ಸಿಕ್ಕಿದೆ. ಆದರೆ ಅವರು ಆರೋಗ್ಯವಂತರು. ನಮ್ಮ ಪ್ರಾಸ್ಟೇಟ್ ರೋಗಿಗಳ ಜೀನ್ ಓದಬೇಕು ಅಂದರೆ ಮೊದಲು ರೋಗಿ ಸಿಗಬೇಕು. ಸಿಗಬೇಕಂದರೆ ಪರೀಕ್ಷೆ ಆಗಬೇಕು. ಪರೀಕ್ಷೆ ಯಾಕೆ ಬೇಡ ಅಂದರೆ ‘ನಮ್ಮ ರಕ್ತಕ್ಕೆ ಬರಲ್ಲ’. ತಿರುಗಿ ತಿರುಗಿ ಅಲ್ಲಿಗೇ ಬಂದು ನಿಲ್ಲುತ್ತೇವೆ.

ಕಾಮೆಂಟಿನಲ್ಲಿ ಒಬ್ಬರಾದರೂ ಬರೆಯುತ್ತೀರಿ, ಪಿಎಸ್‌ಎ ಮಾಡಿಸಿದರೆ ಬೇಡದ ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ನೋಡೋದು), ಬೇಡದ ಆಪರೇಷನ್ ಅಂತ. ಗೊತ್ತು. 2012ರಲ್ಲಿ ಅಮೆರಿಕದ ತಜ್ಞರ ಸಮಿತಿಯೇ ಯಾವ ವಯಸ್ಸಿನವರಿಗೂ ಈ ತಪಾಸಣೆ ಬೇಡ ಅಂದಿತ್ತು. 2018ರಲ್ಲಿ ಅದೇ ಸಮಿತಿ 55ರಿಂದ 69ರವರೆಗಿನವರು ಡಾಕ್ಟರ್ ಜೊತೆ ಮಾತಾಡಿ ತೀರ್ಮಾನಿಸಲಿ ಅಂತ ಬದಲಿಸಿತು. ಆ ಚರ್ಚೆ ವರ್ಷಾ ವರ್ಷಾ ಪರೀಕ್ಷೆ ಮಾಡಿಸುವ ದೇಶದ್ದು. ನಮ್ಮ ಲ್ಯಾಬಿಗೆ ಬರೋರು ಯಾರು? ಬೆನ್ನು ನೋವು, ಸೊಂಟ ನೋವು ಅಂತ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಕಾಲಲ್ಲಿ ಬಲ ಹೋದ ಮೇಲೆ ಬರೋರು. 4ರ ಒಳಗಿರಬೇಕಾದ ಪಿಎಸ್‌ಎ ನಂಬರ್ ನೂರು ದಾಟಿರುತ್ತದೆ. ಆ ರಿಪೋರ್ಟ್ ಪ್ರಿಂಟ್ ಹೊಡೆಯೋದು ನಾನು. ಅಂಥವರ ಮುಂದೆ ‘ಜಾಸ್ತಿ ಪರೀಕ್ಷೆಯಿಂದ ತೊಂದರೆ’ ಅಂತ ನನ್ನ ಬಾಯಿಂದ ಬರೋದಿಲ್ಲ.

ನಮ್ಮ ಕಾಕಾ ಹೋಗಿದ್ದು ಹಾಗೇ, ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇದು: ಆವತ್ತಿಂದ ನಾನು ಪರೀಕ್ಷೆ ಮಾಡಿಸು ಅಂತ ನಮ್ಮ ಅಣ್ಣನ ಬೆನ್ನು ಹತ್ತಿದ್ದೇನೆ, ಅವನು ಒಪ್ಪುತ್ತಿಲ್ಲ, ಈಗ ನಮ್ಮಿಬ್ಬರಿಗೆ ಮಾತೇ ಇಲ್ಲ. ನಮ್ಮ ಸೋದರತ್ತೆಗೆ ಸ್ತನ ಕ್ಯಾನ್ಸರ್ ಆಗಿತ್ತು. ಅದು ಹೆಂಗಸರ ಸುದ್ದಿ, ನನಗೇನು ಸಂಬಂಧ ಅಂತಾನೆ. ಸಂಬಂಧ ಇದೆ. ಬಿಆರ್‌ಸಿಎ2 ಜೀನ್ ಕೆಟ್ಟಿದ್ದರೆ ಹೆಂಗಸರಿಗೆ ಸ್ತನದಲ್ಲಿ, ಗಂಡಸರಿಗೆ ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು, ಗಂಡಸರಲ್ಲಿ ಅದು ಜೋರಾಗಿಯೂ ಬೆಳೆಯುತ್ತದೆ. ಅಪ್ಪನಿಂದ ಮಗಳಿಗೂ ಹೋಗುತ್ತದೆ, ಮಗನಿಗೂ ಹೋಗುತ್ತದೆ. ಇದೆ ಅಂತ ಗೊತ್ತಾದರೆ ಅದಕ್ಕೆ ತಕ್ಕ ಮಾತ್ರೆಯೂ ಇದೆ, ಒಲಾಪರಿಬ್ ಅಂತ. ವಂಶದ ಸುದ್ದಿ ಕೇಳುವಾಗ ಅಪ್ಪ, ಕಾಕಾ, ಅಣ್ಣತಮ್ಮಂದಿರ ಜೊತೆ ಅವ್ವ, ಅತ್ತೆ, ಅಕ್ಕತಂಗಿಯರನ್ನೂ ಕೇಳಬೇಕು. ನಿನ್ನೆಯ ಫಾರ್ಮಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಇನ್ನೊಂದು ಮಾತು. ಅಮೆರಿಕದಲ್ಲಿ ಆಫ್ರಿಕಾ ಮೂಲದ ಗಂಡಸರು ಈ ಕ್ಯಾನ್ಸರ್‌ನಿಂದ ಬಿಳಿಯರ ಎರಡು ಪಟ್ಟು ಸಾಯುತ್ತಾರೆ. ಆದರೆ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲರಿಗೂ ಒಂದೇ ಚಿಕಿತ್ಸೆ ಸಿಗುವ ಕಡೆ, ಆ ಅಂತರ ಕಾಣಲಿಲ್ಲ. ಅಪಾಯದ ಜೀನ್ ಇದ್ದವರೂ ಹೊತ್ತಿಗೆ ಸರಿಯಾಗಿ ಬಂದರೆ ಬದುಕುತ್ತಾರೆ, ಅಪಾಯ ಕಮ್ಮಿ ಅಂತ ಮನೆಯಲ್ಲಿ ಕೂತವರು ಬದುಕೋದಿಲ್ಲ. ಇದನ್ನು ಆ ಡಾಕ್ಟರ್‌ಗೆ ಎದುರಿಗೇ ಹೇಳಿ ಬಂದಿದ್ದೇನೆ. ಮುಂದಿನ ಶಿಬಿರಕ್ಕೆ ನನ್ನನ್ನು ಕರೆಯದಿದ್ದರೂ ಪರವಾಗಿಲ್ಲ.

ಐವತ್ತು ದಾಟಿದ ಗಂಡಸರು ಡಾಕ್ಟರ್ ಹತ್ತಿರ ಕೂತು ಈ ಪರೀಕ್ಷೆ ಬಗ್ಗೆ ಕೇಳಿ. ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ನಲವತ್ತೈದಕ್ಕೇ ಕೇಳಿ. ಒಂದಕ್ಕೆ ಹೋದಾಗ ತಿಣುಕಬೇಕಾಗುತ್ತಿದ್ದರೆ, ರಾತ್ರಿ ಪದೇ ಪದೇ ಏಳುತ್ತಿದ್ದರೆ ‘ವಯಸ್ಸಾಯ್ತು’ ಅಂತ ಬಿಡಬೇಡಿ.

ಅಣ್ಣಾ, ನೀನು ಇದನ್ನು ಓದುತ್ತೀ ಅಂತ ವೈನಿ ಹೇಳಿದ್ದಾರೆ. ಖಾಲಿ ಹೊಟ್ಟೆ ಬೇಕಾಗಿಲ್ಲ. ಎರಡು ದಿನ ಸೈಕಲ್ ತುಳಿಯಬೇಡ, ನಂಬರ್ ಸುಮ್ನೆ ಏರುತ್ತದೆ. ಸೋಮವಾರ ಬೆಳಿಗ್ಗೆ ಏಳಕ್ಕೇ ಲ್ಯಾಬ್ ತೆಗೆದಿರುತ್ತೇನೆ.